ಒಂಬತ್ತನೇ ಫಾರಂ

"ಯಾವಳ್ದೇ ಇದು? ಬಾಯಿ ಬಿಡ್ರೇ, ದರಿದ್ರ ಮುಂಡೇವಾ."

ಹೊಲಿಗೆ ಮುಗಿದ ಪುಸ್ತಕವೊಂದನ್ನು ಅಂಗೈ ಮೇಲೆ ಬಿಡಿಸಿ ಹಿಡಿದುಕೊಂಡು ಮೇಸ್ತ್ರಿ ಮೇಜಿನ ಸುತ್ತ ಬರುತ್ತಿದ್ದ. ಪುಟದ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ರಕ್ತ. ಹನ್ನೊಂದು ಜನ ಹೆಂಗಸರು ಕೈಯಲ್ಲಿದ್ದ ಹಾಳೆಯನ್ನು ಕೈಯಲ್ಲೇ ಹಿಡಿದು ಕೂತೆವು. ಕಟಿಂಗ್ ಮೆಷಿನ್ನಿನವನು ಮೆಷಿನ್ ನಿಲ್ಲಿಸಿ, ಸಿನಿಮಾ ನೋಡುವವನ ಹಾಗೆ ಗೋಡೆಗೆ ಒರಗಿ ನಿಂತ.

"ಗ್ರಂಥ ಕಣ್ರೇ ಇದು. ನಿಮ್ಮ ಮನೆ ದಿನಸಿ ಚೀಟಿ ಅಲ್ಲ. ಬೋರ್ಡ್ ಹಾಕಿಲ್ವಾ ಬಾಗ್ಲಲ್ಲಿ? ಕಣ್ಣು ಇಂಗೋಗಿದ್ಯಾ?"

ಕಣ್ಣು ಇಂಗಿಹೋಗಿರಲಿಲ್ಲ, ನಮ್ಮಲ್ಲಿ ಅರ್ಧ ಜನಕ್ಕೆ ಓದಲು ಬರುತ್ತಿರಲಿಲ್ಲ ಅಷ್ಟೇ. ಈ ಬೈಂಡಿಂಗ್ ಮನೆಯಲ್ಲಿ ಮುಂಚೆ ಶಾಲೆ ಮಕ್ಕಳ ನೋಟ್‌ಬುಕ್ಕು, ಕ್ಯಾಲೆಂಡರು, ರಸೀತಿ ಪುಸ್ತಕ ಕಟ್ಟುತ್ತಿದ್ದೆವು. ಆಗ ಯಾರ ರಕ್ತ ಎಲ್ಲಿ ಬಿತ್ತು ಅಂತ ಒಂದು ನಾಯಿಯೂ ಮೂಸಿ ನೋಡಿರಲಿಲ್ಲ. ಪ್ರಾರ್ಥನಾಮಂದಿರದವರು ಪ್ರೆಸ್ಸನ್ನು ಕೊಂಡುಕೊಂಡು, ಗುರುಗಳ ವಿವರಣೆ ಸಮೇತ ಗ್ರಂಥ ಅಚ್ಚು ಹಾಕಿಸಲು ಶುರು ಮಾಡಿದ ಮೇಲೆ ಬಾಗಿಲಿಗೆ ಬೋರ್ಡು ಬಂತು. ತಿಂಗಳ ದಿನಗಳಲ್ಲಿರುವವಳು ಹಾಳೆ ಮುಟ್ಟಬಾರದು. ಮೇಸ್ತ್ರಿಗೆ ಹೇಳಿ ಗೋಡೌನಿಗೆ ಹೋಗಿ ಕೂರಬೇಕು, ಕೂತ ದಿನಕ್ಕೆ ಕೂಲಿ ಇಲ್ಲ. ಈ ಹಲ್ಲು ಕಿರಿಯುವ ಗಂಡಸಿನ ಮುಂದೆ ನಿಂತು ಯಾವ ಹೆಂಗಸು ಹಾಗಂತ ಹೇಳುತ್ತಾಳೆ? ಯಾರೂ ಹೇಳುತ್ತಿರಲಿಲ್ಲ. ಹನ್ನೊಂದು ಜನ ಹೆಂಗಸರಲ್ಲಿ ವರ್ಷವಿಡೀ ಒಬ್ಬಳಿಗೂ ಮುಟ್ಟಾಗುವುದಿಲ್ಲ ಅಂತ ನಂಬಿಕೊಂಡಿದ್ದ, ಬೋಳಿಮಗ.

ಆ ರಕ್ತ ನನ್ನದು. ಹೇಳಿಬಿಡುತ್ತೇನೆ, ಇದರಲ್ಲಿ ಗುಟ್ಟು ಮಾಡುವಂಥದ್ದೇನೂ ಇಲ್ಲ. ನನ್ನದು ಸೂಜಿ ಕೆಲಸ. ಉಳಿದವರು ಹಾಳೆ ಮಡಚಿ, ಒಂದರ ಮೇಲೊಂದು ಜೋಡಿಸಿ ಕೊಟ್ಟದ್ದನ್ನು ನಾನು ಬೆನ್ನಿನಲ್ಲಿ ಹೊಲಿಯುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಹೊಲಿಯುತ್ತಿದ್ದೇನೆ. ಈಗ ಎಡಗಣ್ಣಿಗೆ ಪೊರೆ ಬಂದಿದೆ. ದಾರ ಪೋಣಿಸಲು ಪಕ್ಕದಲ್ಲಿ ಕೂರುವ ಎತ್ತರದ ಹೆಂಗಸು ಬೇಕು, ಉದ್ದಕ್ಕ ಅಂತಲೇ ಎಲ್ಲರೂ ಕರೆಯುವುದು. ಬೆಳಿಗ್ಗೆ ಸೂಜಿ ಹೆಬ್ಬೆರಳಿಗೆ ಹೊಕ್ಕಿತು, ಬಾಯಲ್ಲಿಟ್ಟು ಚೀಪಿಕೊಂಡು ಹೊಲಿಗೆ ಮುಂದುವರಿಸಿದೆ. ಹನಿ ಬಿದ್ದದ್ದು ಕಾಣಲಿಲ್ಲ.

ಮೇಸ್ತ್ರಿ ಕೇಳಿದಾಗ ಆ ಕ್ಷಣಕ್ಕೇ ಹೇಳಬೇಕಿತ್ತು. ಹೇಳಲಿಲ್ಲ. ಮುದುಕಿಗೆ ಕಣ್ಣು ಹೋಗಿದೆ ಅಂತ ಗೊತ್ತಾದರೆ ಸೂಜಿ ಕಿತ್ತುಕೊಂಡು ಮನೆಗೆ ಕಳಿಸುತ್ತಾನೆ ಅಂತ ಹೆದರಿ ಎರಡು ಉಸಿರು ಸುಮ್ಮನಿದ್ದೆ. ಅಷ್ಟರಲ್ಲಿ ಅವನು ಪುಟದ ಮೂಲೆ ನೋಡಿದ.

ಹಾಳೆ ಮಡಚಿದವಳು ಮೂಲೆಯಲ್ಲಿ ಪೆನ್ಸಿಲಿನಿಂದ ತನ್ನ ನಂಬರು ಬರೆಯಬೇಕು. ಮಡಿಕೆ ಸೊಟ್ಟಗಾದರೆ ಯಾರನ್ನು ಬೈಯಬೇಕು ಅಂತ ತಿಳಿಯಲು ಆ ಏರ್ಪಾಟು. ಆಮೇಲೆ ಅಂಚು ಕತ್ತರಿಸುವಾಗ ನಂಬರೂ ಹೋಗುತ್ತದೆ.

"ಏಳು," ಎಂದ ಮೇಸ್ತ್ರಿ. "ಏಳನೇ ನಂಬರ್ ಯಾರೇ?"

ಏಳನೇ ನಂಬರು ನನ್ನ ಸೊಸೆ.

"ಅದು ನಂದು ಮೇಸ್ತ್ರಿ," ಅಂದೆ ನಾನು. "ಸೂಜಿ ಚುಚ್ಕೊಂಡಿದ್ದು. ನೋಡಿ ಬೆರಳು."

ಅವನು ಬೆರಳು ನೋಡಲಿಲ್ಲ, ನನ್ನ ಮುಖ ನೋಡಿ ನಕ್ಕ. "ಇಪ್ಪತ್ತೆಂಟು ವರ್ಷ ಚುಚ್ಕೊಳ್ದೆ ಇದ್ದೋಳು ಇವತ್ತು ಚುಚ್ಕೊಂಡ್ಯಾ? ಸೊಸೆ ಸಿಕ್ಕಿಬಿದ್ಲು ಅಂತ ನಾಟ್ಕ ಆಡ್ತೀಯ. ನಿನ್ನ ರಕ್ತ ಬತ್ತೋಗಿ ಹತ್ತು ವರ್ಷ ಆಯ್ತು, ಸುಮ್ನೆ ಕೂತ್ಕೋ ಮುದುಕಿ."

"ಬೆರಳಲ್ಲಿರೋ ರಕ್ತನೂ ಬತ್ತೋಗತ್ತಾ?" ಎಂದಳು ಉದ್ದಕ್ಕ. ಅವಳ ಮಾತಿಗೆ ಇಬ್ಬರು ಕಿಸಕ್ಕೆಂದರು. ಮೇಸ್ತ್ರಿ ಕೈಯಲ್ಲಿದ್ದ ಅಳತೆ ಪಟ್ಟಿಯಿಂದ ಅವಳ ಮುಂದಿನ ಮೇಜಿಗೆ ಬಾರಿಸಿದ, ಕಿಸಕ್ಕೆಂದವರು ಹಾಳೆಯೊಳಗೆ ಮುಖ ಹಾಕಿದರು.

"ಏಳನೇ ನಂಬರ್, ಏಳು ಮೇಲೆ. ಆಫೀಸ್ ಅಮ್ಮನ ಜೊತೆ ಪಾಯಿಖಾನೆಗೆ ಹೋಗಿ ತೋರ್ಸು. ಮುಟ್ಟಾಗಿದೀಯೋ ಇಲ್ವೋ ಅವ್ರು ನೋಡಿ ಹೇಳ್ತಾರೆ."

ಆಫೀಸಿನ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ಬೆಳಿಗ್ಗೆ ಹಾಜರಿ ಹಾಕುವವಳು, ಕೆಟ್ಟವಳೇನಲ್ಲ. ಅವಳು ನೆಲ ನೋಡುತ್ತಿದ್ದಳು.

ಸೊಸೆ ಎದ್ದು ನಿಂತಳು. ಹಾಳೆ ಮಡಚುವ ಮೂಳೆ ಕಡ್ಡಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು.

"ನೋಡೋದೇನೂ ಬೇಡ," ಎಂದಳು. "ನಂಗೆ ನಾಕು ತಿಂಗ್ಳು."

ಐದು ತುಂಬುವ ತನಕ ಯಾರಿಗೂ ಹೇಳಬಾರದು ಅಂತ ಮನೆಯಲ್ಲಿ ಮಾತಾಡಿಕೊಂಡಿದ್ದೆವು. ಹಿಂದೆ ಎರಡು ಸಲ ಹೋಗಿತ್ತು. ಒಂದು ಮೂರನೇ ತಿಂಗಳಲ್ಲಿ, ಇನ್ನೊಂದು ಐದಕ್ಕೆ ಎರಡು ದಿನ ಇದ್ದಾಗ. ಈ ಸಲ ಊರ ಬಾಯಿಗೆ ಬೀಳಬಾರದು ಅಂತಿದ್ದದ್ದನ್ನು ಅವಳು ಪಾಯಿಖಾನೆಯಲ್ಲಿ ಬಟ್ಟೆ ಎತ್ತುವ ಬದಲು ಎಲ್ಲರ ಮುಂದೆ ಹೇಳಬೇಕಾಯಿತು. ಆದರೂ, ಮರೆಮಾಚುವುದೇಕೆ, ಪಾರಾದೆವು ಅಂತ ಅನ್ನಿಸಿತು. ಬಸುರಿಗೆ ಮುಟ್ಟಾಗುವುದಿಲ್ಲ ಅನ್ನುವಷ್ಟಾದರೂ ಈ ಮೇಸ್ತ್ರಿಗೆ ಗೊತ್ತಿರಬೇಕಲ್ಲ.

ಆ ಹೊತ್ತಿಗೇ ಗುರುಗಳು ಬಂದರು. ದಿನಾ ಊಟದ ಬಿಡುವಿಗೆ ಮುಂಚೆ ಅರ್ಧ ಗಂಟೆ ಬಂದು, ನಾವು ಕೆಲಸ ಮಾಡುತ್ತಿರುವಾಗ ಗ್ರಂಥದ ಒಂದು ಸಾಲು ಓದಿ ಅರ್ಥ ಹೇಳುವುದು ಅವರ ಪದ್ಧತಿ. ಗಟ್ಟಿಯಾಗಿ ಮಾತಾಡಿದವರಲ್ಲ. ನಮ್ಮನ್ನೆಲ್ಲ ತಾಯಿ ಅನ್ನುತ್ತಿದ್ದರು, ನಮ್ಮ ಸ್ವಂತ ಮಕ್ಕಳು ಅನ್ನುವುದಕ್ಕಿಂತ ಮೆತ್ತಗೆ. ಮೇಸ್ತ್ರಿ ಪುಸ್ತಕ ತೋರಿಸಿದ. ಗುರುಗಳು ಕನ್ನಡಕ ಹಾಕಿಕೊಂಡು ನೋಡಿದರು.

"ಒಂಬತ್ತನೇ ಫಾರಂ," ಎಂದರು.

ಹದಿನಾರು ಪುಟ ಸೇರಿ ಒಂದು ಫಾರಂ. ಇಡೀ ಗ್ರಂಥಕ್ಕೆ ಇಪ್ಪತ್ತೇಳು ಫಾರಂ. ಒಂಬತ್ತನೆಯದರಲ್ಲಿ ಒಂದೇ ಒಂದು ಸಾಲು ಮೂಲದ್ದು, ಮಿಕ್ಕಿದ್ದೆಲ್ಲ ಗುರುಗಳ ವಿವರಣೆ. ಆ ಸಾಲು ನನಗೂ ಬಾಯಿಪಾಠ, ಅಷ್ಟು ಸಲ ಕೇಳಿದ್ದೇನೆ. 'ಹೆರುವವಳ ಬಾಗಿಲಲ್ಲಿ ದೀಪವಿಡಿ.' ಅಷ್ಟೇ. ಅದಕ್ಕೆ ಗುರುಗಳು ಹೇಳುತ್ತಿದ್ದದ್ದು ಹೀಗೆ: ದೀಪ ಯಾಕೆ? ಕತ್ತಲೆ ಇದ್ದಲ್ಲಿಗೆ ದೀಪ. ಹೆರುವವಳ ಸುತ್ತ ಕತ್ತಲೆ ಯಾಕೆ? ಹೆಣ್ಣಾಗಿ ಹುಟ್ಟುವಾಗಲೇ ಅವಳು ಹೊತ್ತು ತಂದ ಪಾಪದಿಂದ. ಪಾಪ ಒಪ್ಪಿಕೊಂಡವಳ ದೀಪ ಉರಿಯುತ್ತದೆ, ಮುಚ್ಚಿಟ್ಟವಳದ್ದು ಆರುತ್ತದೆ. ಹದಿನಾರು ಪುಟವೂ ಇದೇ ಅಂತೆ. ಸೊಸೆ ಓದಿ ಹೇಳಿದ್ದು. ಅವಳಿಗೆ ಓದು ಬರುತ್ತದೆ. ಮಡಚುತ್ತಲೇ ಕಣ್ಣಾಡಿಸುತ್ತಾಳೆ, ಎರಡನೇ ಬಸಿರು ಹೋದ ಮೇಲೆ ಒಂಬತ್ತರ ಕಟ್ಟನ್ನು ಕೇಳಿ ಇಸಿದುಕೊಂಡು ಮಡಚುತ್ತಿದ್ದಳು. ಅದು ಅವಳ ತಲೆಗೆ ಹೊಕ್ಕಿದೆ ಅಂತ ಆಗಲೇ ನನಗೆ ಗೊತ್ತಾಗಬೇಕಿತ್ತು.

"ಗುರುಗಳೇ, ಬಸುರಿ ಹುಡ್ಗಿ ಅದು," ಅಂದೆ. "ರಕ್ತ ನಂದು. ನನ್ನ ಸೂಜಿದು."

"ಸಮಾಧಾನ ತಾಯಿ." ಗುರುಗಳು ಸೊಸೆಯ ಕಡೆ ತಿರುಗಿದರು. "ಮೊದಲನೆಯದೇ?"

"ಮೂರನೇದು."

"ಉಳಿದೆರಡು?"

ಅವಳು ತಲೆ ಅಲ್ಲಾಡಿಸಿದಳು.

"ಆರಿಹೋದವು," ಎಂದರು ಗುರುಗಳು. ಪಾಪ, ಕರುಣೆಯಿಂದಲೇ ಎಂದರು, ಕಣ್ಣು ಕೂಡ ಒದ್ದೆಯಾಗಿದ್ದಿರಬೇಕು. "ಇನ್ನೂರ ಐವತ್ತು ಪುಸ್ತಕ ಹೊಲಿದಿದ್ದಾರೆ. ಅಷ್ಟರಲ್ಲಿ ಒಂದರಲ್ಲಿ, ಇದೇ ಫಾರಮ್ಮಿನಲ್ಲಿ, ನೀವು ಮಡಚಿದ್ದರಲ್ಲೇ ಈ ಹನಿ ಬಿದ್ದಿದೆ. ಯಾರ ಬೆರಳಿನಿಂದ ಅನ್ನುವುದು ಮುಖ್ಯವಲ್ಲ. ಯಾರನ್ನು ಕರೆಯುತ್ತಿದೆ ಅನ್ನುವುದು ಮುಖ್ಯ. ನಿಮ್ಮ ಮನಸ್ಸಿನಲ್ಲಿ ಏನಿದೆ ತಾಯಿ?"

"ಮನಸ್ಸಲ್ಲೇನಿರತ್ತೆ?" ನಾನು ಎದ್ದೇಬಿಟ್ಟೆ. "ಮೊದಲ್ನೇದು ಹೋಗಿದ್ದು ಈ ಮೇಸ್ತ್ರಿ ಕಾಗದದ ರೀಮು ಹೊರ್ಸಿದ್ದಕ್ಕೆ. ಲಿಫ್ಟ್ ಕೆಟ್ಟೋಗಿತ್ತು, ಮೂರು ಅಂತಸ್ತು ಹತ್ತಿಸ್ದ. ಎರಡ್ನೇದಕ್ಕೂ ಹಂಗೇನೇ. ಬಸುರಿ ಅಂತ ಕಾಲಿಗೆ ಬಿದ್ದು ಹೇಳಿದ್ಲು. ಅವನ ಮನಸ್ಸಲ್ಲಿ ಏನಿದೆ ಕೇಳಿ."

"ಎಲ್ಲಾ ಹೆಂಗಸ್ರೂ ಹೊತ್ತಿದಾರೆ ಗುರುಗಳೇ," ಎಂದ ಮೇಸ್ತ್ರಿ. "ಇವಳೊಬ್ಬಳಿಗೇ ಯಾಕೆ ಹೋಗ್ಬೇಕು?"

ಗುರುಗಳು ಅವನ ಮಾತಿಗೆ ಮೆಲ್ಲಗೆ ತಲೆದೂಗಿದರು. ಮೇಸ್ತ್ರಿಯ ಬಾಯಲ್ಲಿ ದೇವರೇ ಮಾತಾಡಿದ ಹಾಗೆ.

ಸೊಸೆ ನನ್ನ ಕಡೆ ನೋಡಲಿಲ್ಲ. "ಎರಡ್ನೇದು ಬಂದಾಗ ಬೇಡ ಅನ್ಸಿತ್ತು," ಎಂದಳು. "ಒಂದು ದಿನ ಅಷ್ಟೇ. ರೀಮು ಹೊತ್ತು ಹೊತ್ತು ಸೊಂಟ ಬಿದ್ದೋಗಿತ್ತು. ಈಗ್ಲೇ ಯಾಕಪ್ಪ ಬಂತು ಅಂದ್ಕೊಂಡೆ. ಆಮೇಲೆ ಹಂಗೆ ಅಂದ್ಕೊಂಡಿಲ್ಲ."

ಹನ್ನೊಂದು ಜನರಲ್ಲಿ ಹಾಗೆ ಅಂದುಕೊಳ್ಳದವಳು ಯಾವಳಿದ್ದಳು? ನಾಲ್ಕು ಹೆತ್ತವಳು ನಾನು, ನಾಲ್ಕು ಸಲವೂ ಅಂದುಕೊಂಡಿದ್ದೇನೆ. ಆದರೆ ಗುರುಗಳು ಕಣ್ಣು ಮುಚ್ಚಿಕೊಂಡರು, ಬೇಕಾದದ್ದು ಸಿಕ್ಕಿದವರ ಹಾಗೆ.

ಪ್ರಾಯಶ್ಚಿತ್ತ ಏಳು ದಿನ ಅಂತಾಯಿತು. ಬೆಳಗಿನಿಂದ ದೀಪ ಹಚ್ಚುವ ತನಕ ಪ್ರಾರ್ಥನಾಮಂದಿರದ ಹೊಸ್ತಿಲ ಹೊರಗೆ ಕೂತು ಒಂಬತ್ತನೇ ಫಾರಂ ಗಟ್ಟಿಯಾಗಿ ಹೇಳಬೇಕು. ನೀರು ಬಿಟ್ಟು ಬಾಯಿಗೆ ಏನೂ ಮುಟ್ಟಿಸಬಾರದು. ಸಂಜೆ ಮನೆಗೆ ಹೋದರೂ ಅಷ್ಟೇ. ಎಂಟನೇ ದಿನ ಪಾಪ ಕಳೆದು ಕೆಲಸಕ್ಕೆ ಬರಬಹುದು. ಕೆಲಸದಿಂದ ತೆಗೆಯುವುದಿಲ್ಲ, ಅದು ಮಂದಿರದ ಕರುಣೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನನ್ನ ಹೆಬ್ಬೆರಳಿಗೆ ನನ್ನ ಸೊಸೆಯ ಹೊಟ್ಟೆ ಒಣಗಬೇಕಾಯಿತು.

ಮನೆಗೆ ಬಂದವಳೇ ಬೈದೆ. ಏನು ಬೈದೆ ಅಂತ ಎಲ್ಲವನ್ನೂ ಇಲ್ಲಿ ಹೇಳುವ ಹಾಗಿಲ್ಲ. ಗುರುಗಳ ಹುಟ್ಟಿನಿಂದ ಶುರು ಮಾಡಿ ಮೇಸ್ತ್ರಿಯ ಚಟ್ಟದ ತನಕ ಬೈದೆ. ಅವಳು ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿಕೊಂಡು ಕೂತಿದ್ದಳು. ಎರಡು ವರ್ಷದಿಂದ ಕಂಡಿರದ ಒಂದು ನೆಮ್ಮದಿ ಅವಳ ಮುಖದಲ್ಲಿತ್ತು. ನನಗೆ ನಿಜವಾಗಿ ಹೆದರಿಕೆ ಹುಟ್ಟಿದ್ದು ಆಗ.

"ಅತ್ತೆ, ಸುಮ್ನಿರಿ," ಎಂದಳು. "ಈಗ್ಲಾದ್ರೂ ಗೊತ್ತಾಯ್ತಲ್ಲ, ಯಾಕೆ ಅಂತ."

"ಏನೇ ಗೊತ್ತಾಗಿದ್ದು? ರೀಮು ಹೊತ್ತಿದ್ದಕ್ಕೆ ಹೋಯ್ತು. ಆಸ್ಪತ್ರೆ ನರ್ಸಮ್ಮ ಹೇಳ್ಲಿಲ್ವಾ?"

"ಉದ್ದಕ್ಕನೂ ಹೊತ್ತಿದ್ರು. ಅವ್ರ ಮಗ ಆಡ್ಕೊಂಡಿದಾನೆ. ರೀಮು ಹೊತ್ತಿದ್ದಕ್ಕೆ ಅಂದ್ರೆ ನಾಳೆನೂ ಹೊರ್ಬೇಕು, ನಾಳಿದ್ದೂ ಹೊರ್ಬೇಕು, ನಾನೇನು ಮಾಡಕ್ಕಾಗತ್ತೆ? ಇದಾದ್ರೆ ಏಳು ದಿನ ಕೂತ್ರೆ ಮುಗೀತು."

ಮಗ ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸಿ ಬಂದು ಕೈಕಾಲು ತೊಳೆಯುತ್ತಿದ್ದ. ಅವನನ್ನು ಹಿಡಿದುಕೊಂಡೆ.

"ಹೆಂಡ್ತಿಗೆ ಹೇಳೋ. ಏಳು ದಿನ ಉಪವಾಸ ಬಿದ್ರೆ ಹೊಟ್ಟೇಲಿರೋದು ಉಳಿಯತ್ತಾ?"

"ನಾನೇನು ಹೇಳ್ಲಮ್ಮ? ಹೇಳಿ, ಆಮೇಲೆ ಏನಾದ್ರೂ ಆದ್ರೆ ನನ್ನಿಂದ ಆಯ್ತು ಅಂತಾಳೆ. ಅವಳ ಮನಸ್ಸಿಗೆ ಸಮಾಧಾನ ಆಗತ್ತೆ ಅಂದ್ರೆ ಆಗ್ಲಿ ಬಿಡು." ಟವೆಲಿನಲ್ಲಿ ಮುಖ ಒರೆಸಿಕೊಂಡವನು ಬಹಳ ಹೊತ್ತು ಟವೆಲು ತೆಗೆಯಲೇ ಇಲ್ಲ.

ಹಾಲು ಕಾಯಿಸಿ ತಂದೆ. ಬೇಡ ಅಂದಳು. ಅನ್ನ ಕಲಸಿ ಬಾಯಿಗೆ ಹಿಡಿದೆ, ತುಟಿ ಬಿಗಿ ಹಿಡಿದಳು. ನಿನ್ನ ಕಾಲಿಗೆ ಬೀಳುತ್ತೇನೆ ಕಣೇ ಅಂದೆ. ಅತ್ತೆಯಾದವಳು ಹಾಗೆಲ್ಲ ಅನ್ನಬಾರದು ಅಂತ ನನ್ನ ಕೈ ಹಿಡಿದುಕೊಂಡಳು, ಬಾಯಿ ಮಾತ್ರ ತೆರೆಯಲಿಲ್ಲ.

ಮೂರನೇ ದಿನ ಊಟದ ಬಿಡುವಿನಲ್ಲಿ ಮಂದಿರಕ್ಕೆ ಓಡಿದೆ. ಹೊಸ್ತಿಲ ಹೊರಗೆ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಕೂತಿದ್ದಳು. ಒಳಗೆ ಹೋಗುವವರು ಅವಳನ್ನು ಬಳಸಿಕೊಂಡು ಹೋಗುತ್ತಿದ್ದರು. ಒಬ್ಬಳು ಹೆಂಗಸು ಮಗುವಿನ ಮುಖವನ್ನು ಆಚೆಗೆ ತಿರುಗಿಸಿಕೊಂಡಳು. ಸೊಸೆಯ ತುಟಿ ಒಡೆದಿತ್ತು, ದನಿ ಮಾತ್ರ ನಿಂತಿರಲಿಲ್ಲ. ಕೈಯಲ್ಲಿ ಪುಸ್ತಕವೇ ಇಲ್ಲ, ಅಷ್ಟೂ ಪುಟ ಬಾಯಿಂದಲೇ ಬರುತ್ತಿದ್ದವು.

ಗುರುಗಳು ಹೊರಗೆ ಬಂದರು. ನಾನು ಅಡ್ಡ ನಿಂತೆ.

"ಗುರುಗಳೇ, ಒಂದು ಮಾತು. ಹೆರೋಳ ಬಾಗ್ಲಲ್ಲಿ ದೀಪ ಇಡಿ ಅಂತಿದ್ಯಲ್ಲ, ಅದು ಸೂಲಗಿತ್ತಿಗೆ ಕಾಣ್ಲಿ ಅಂತ."

"ಏನು ತಾಯಿ?"

"ನಮ್ಮತ್ತೆ ಸೂಲಗಿತ್ತಿ. ಯಾರೇ ಕರೆಯಕ್ಕೆ ಬಂದ್ರೂ ಅವ್ರು ಮೊದ್ಲು ಕೇಳ್ತಿದ್ದಿದ್ದು ಒಂದೇ, ಮನೇಲಿ ದೀಪ ಇದ್ಯಾ ಅಂತ. ಬಾಗ್ಲಲ್ಲಿ ದೀಪ ಇಲ್ದಿದ್ರೆ ಮನೆ ಯಾವ್ದು ಅಂತ ಗೊತ್ತಾಗಲ್ಲ, ಎಡವಿ ಬೀಳ್ತಾರೆ, ತಡ ಆಗತ್ತೆ. ಅದಕ್ಕೇ ದೀಪ ಇಡಿ ಅಂದಿದಾರೆ. ಯಾರೋ ತಿಳಿದೋರು, ಹೆರಿಗೆ ಕಂಡೋರು ಬರ್ದಿದಾರೆ. ಅದರಲ್ಲಿ ಪಾಪ ಎಲ್ಲಿಂದ ಬಂತು?"

ಸುತ್ತ ನಿಂತವರು ನಕ್ಕರು. ಗುರುಗಳು ನಗಲಿಲ್ಲ. "ಅಕ್ಷರ ಬರುತ್ತದೆಯೇ ತಾಯಿ?"

"ಇಲ್ಲ. ನಾಕು ಹೆತ್ತಿದೀನಿ."

"ಗ್ರಂಥ ಹೆರಿಗೆ ಕೋಣೆಯಲ್ಲ."

"ಬರ್ದೋರು ಹೆರಿಗೆ ಕೋಣೆ ಬಗ್ಗೆನೇ ಬರ್ದಿದಾರಲ್ಲ ಸ್ವಾಮಿ."

ಗುರುಗಳು ದನಿ ಏರಿಸಲಿಲ್ಲ. "ವಾದ ಮಾಡುವ ನಾಲಿಗೆಯೂ ಆ ಕತ್ತಲೆಯದ್ದೇ. ಒಂದು ಮನೆಯ ಪಾಪ ಒಬ್ಬರಿಗೇ ಅಲ್ಲ. ಏಳು ಇದ್ದದ್ದು ಒಂಬತ್ತು ದಿನ ಆಗಲಿ."

"ಗುರುಗಳೇ, ನನ್ನ ಕೂರ್ಸಿ. ಎದುರು ಮಾತಾಡಿದ್ದು ನಾನು. ಅವಳನ್ನ ಬಿಡಿ."

"ಹನ್ನೊಂದು ಮಾಡಿಸಬೇಡಿ ತಾಯಿ."

ಬಾಯಿ ಮುಚ್ಚಿಕೊಂಡೆ. ಇಷ್ಟು ವರ್ಷದಲ್ಲಿ ಯಾವ ಗಂಡಸಿನ ಮುಂದೆಯೂ ಹಾಗೆ ಮುಚ್ಚಿಕೊಂಡವಳಲ್ಲ. ಸೊಸೆ ಹೇಳುತ್ತಿದ್ದದ್ದನ್ನು ಒಂದು ಗಳಿಗೆ ನಿಲ್ಲಿಸಿ, "ನೀವು ಹೋಗಿ ಅತ್ತೆ, ದಮ್ಮಯ್ಯ," ಅಂದಳು. ಹೋದೆ. ಇನ್ನೇನು ಮಾಡಲಿ, ನನ್ನ ಒಂದೊಂದು ಮಾತಿಗೂ ಅವಳ ಹೊಟ್ಟೆಯ ಮೇಲೆ ಒಂದೊಂದು ದಿನ ಏರುತ್ತಿತ್ತು.

ಮಧ್ಯಾಹ್ನ ಪುಸ್ತಕ ಜೋಡಿಸುವ ಕೆಲಸ ಇತ್ತು. ಉದ್ದ ಮೇಜಿನ ಮೇಲೆ ಇಪ್ಪತ್ತೇಳು ಫಾರಮ್ಮುಗಳ ಇಪ್ಪತ್ತೇಳು ರಾಶಿ ಇಟ್ಟಿರುತ್ತಾರೆ. ಹೆಂಗಸರು ಸಾಲಾಗಿ ಮೇಜನ್ನು ಸುತ್ತುತ್ತಾ ಒಂದೊಂದು ರಾಶಿಯಿಂದ ಒಂದೊಂದು ಎತ್ತಿಕೊಂಡು ಹೋದರೆ ಸುತ್ತು ಮುಗಿಯುವಾಗ ಒಂದು ಪುಸ್ತಕ. ಸೂಜಿಗೆ ದಾರ ಪೋಣಿಸಿ ಕೊಡಲು ಬಂದ ಉದ್ದಕ್ಕನಿಗೆ ನಾನು ಒಂದೇ ಮಾತು ಹೇಳಿದೆ.

"ಒಂಬತ್ತು ಎತ್ಬೇಡ."

"ಮೇಸ್ತ್ರಿ ನೋಡಿದ್ರೆ ಚರ್ಮ ಸುಲೀತಾನೆ."

"ನಾನೂರ ಮೂವತ್ತು ಪುಟದಲ್ಲಿ ಹದಿನಾರು ಹೋದ್ರೆ ಅವನಪ್ಪಂಗೂ ಗೊತ್ತಾಗಲ್ಲ. ಹೊಲಿಯೋಳು ನಾನು."

ಮೊದಲ ಸುತ್ತಿನಲ್ಲಿ ಉದ್ದಕ್ಕನ ಕೈ ಎಂಟರಿಂದ ಹತ್ತಕ್ಕೆ ಹೋಯಿತು. ಹಿಂದಿನವಳು ಅದನ್ನು ನೋಡಿದಳು, ಅವಳ ಕೈಯೂ ಹಾರಿತು. ಯಾರು ಯಾರಿಗೆ ಹೇಳಿದರೋ ನನಗೆ ಗೊತ್ತಿಲ್ಲ. ಸಂಜೆಯ ಹೊತ್ತಿಗೆ ಇಪ್ಪತ್ತಾರು ರಾಶಿ ಕರಗಿ, ಒಂಬತ್ತನೆಯದು ಮಾತ್ರ ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ ಇತ್ತು. ಹೋಗುವಾಗ ಎಲ್ಲರೂ ಒಂದಿಷ್ಟನ್ನು ಬಟ್ಟೆಯೊಳಗೆ ಸಿಕ್ಕಿಸಿಕೊಂಡು ಹೋದರು. ಮೂರು ದಿನ ಹಾಗೇ ನಡೆಯಿತು. ಮುನ್ನೂರು ಪುಸ್ತಕ ಒಂಬತ್ತಿಲ್ಲದೆ ರಟ್ಟು ಹಾಕಿಸಿಕೊಂಡು, ಚಿನ್ನದ ಅಕ್ಷರ ಒತ್ತಿಸಿಕೊಂಡು, ಪೆಟ್ಟಿಗೆ ಸೇರಿ ಹೋದವು. ಗುರುಗಳು ದಿನಾ ಬಂದು ಒಂದನ್ನು ಕೈಗೆತ್ತಿಕೊಂಡು ಬೆನ್ನು ಸವರಿ ಚೆನ್ನಾಗಿ ಬಂದಿದೆ ಅಂದರು.

ನಾನು ತಂದದ್ದನ್ನೆಲ್ಲ ಒಲೆಗೆ ಹಾಕಿದೆ. ಒಳ್ಳೆಯ ಕಾಗದ, ಚೆನ್ನಾಗಿ ಉರಿಯಿತು. ಅದರಲ್ಲೇ ನೀರು ಕಾಯಿಸಿ ಸೊಸೆಯ ಕಾಲು ತೊಳೆದೆ. ಅವಳಿಗೆ ಹೇಳಲಿಲ್ಲ, ಹೇಳಿದರೆ ಅದಕ್ಕೂ ತಾನೇ ದಿನ ಕೂಡಿಸಿಕೊಳ್ಳುತ್ತಿದ್ದಳು. ಮೂರು ದಿನ ನನಗೆ ಹೊಟ್ಟೆ ತುಂಬ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆರನೇ ದಿನ ಮಧ್ಯಾಹ್ನ ಮಂದಿರದ ಕಸ ಗುಡಿಸುವವಳು ಬೈಂಡಿಂಗ್ ಮನೆಯ ಬಾಗಿಲಿಗೆ ಬಂದು ನನ್ನನ್ನು ಕರೆದಳು. ಸೂಜಿ ಪುಸ್ತಕದಲ್ಲೇ ಬಿಟ್ಟು ಓಡಿದೆ. ಮೇಸ್ತ್ರಿ ಹಿಂದಿನಿಂದ ಏನೋ ಕೂಗಿದ. ಸೊಸೆ ಚಪ್ಪಲಿಗಳ ನಡುವೆ ಒಂದು ಕೈ ಊರಿಕೊಂಡು ಬಾಗಿದ್ದಳು, ಇನ್ನೊಂದು ಕೈ ಕೆಳಹೊಟ್ಟೆಯ ಮೇಲಿತ್ತು. ಅವಳನ್ನು ಎತ್ತಿ ಬಾಡಿಗೆ ಗಾಡಿಗೆ ಹಾಕಿದವರು ಕಸ ಗುಡಿಸುವವಳು ಮತ್ತು ನಾನು, ನಾವಿಬ್ಬರೇ.

ಆಸ್ಪತ್ರೆಯ ಉದ್ದ ಓಣಿಯಲ್ಲಿ ತಳ್ಳುಗಾಡಿಯ ಮೇಲೆ ಮಲಗಿಸಿದರು. ನರ್ಸು ಕಣ್ಣಿನ ರೆಪ್ಪೆ ಎಳೆದು ನೋಡಿದಳು.

"ಎಷ್ಟು ದಿನದಿಂದ ಊಟ ಮಾಡಿಲ್ಲ?"

"ಆರು."

"ಮನುಷ್ಯರಾ ನೀವು? ಅತ್ತೆ ಅಲ್ವಾ ನೀನು? ಏನು ಮಾಡ್ತಿದ್ದೆ?"

ಸೊಸೆ ಒಂಬತ್ತನೇ ಫಾರಂ ಹೇಳುತ್ತಲೇ ಇದ್ದಳು. ಕೆಳಗೆ ಹಾಸಿದ ಬಟ್ಟೆ ಒದ್ದೆಯಾಗುತ್ತಿತ್ತು. ನೋವು ಬಂದಾಗ ಹಲ್ಲು ಕಚ್ಚಿ, ನೋವು ಇಳಿದ ಕೂಡಲೇ ಬಿಟ್ಟ ಅಕ್ಷರದಿಂದಲೇ ಹಿಡಿದು ಮುಂದಕ್ಕೆ ಹೇಳುತ್ತಿದ್ದಳು. ದೀಪ ಯಾಕೆ, ಕತ್ತಲೆ ಯಾಕೆ. ಒಂದು ಸಾಲೂ ತಪ್ಪುತ್ತಿರಲಿಲ್ಲ.

"ಏನಮ್ಮ ಅದು? ಸುಮ್ನಿರಕ್ಕೆ ಹೇಳಿ. ಉಸಿರು ಉಳ್ಸಿಕೊಳ್ಲಿ," ಎಂದಳು ನರ್ಸು, ಡಾಕ್ಟರನ್ನು ಕರೆಯಲು ಓಡುತ್ತಾ.

"ಸಾಕು ಕಣೇ," ಅಂದೆ. "ಸಾಕು ಮಗಳೇ. ಎಲ್ಲಾ ಸುಟ್ಟು ಹಾಕಿದೀನಿ. ಒಂದೂ ಇಲ್ಲ ಈಗ. ನಿಲ್ಸು."

ಅವಳಿಗೆ ಕೇಳಿಸಿತೋ ಇಲ್ಲವೋ. ನಾನು ಅವಳ ಬಾಯಿಯ ಮೇಲೆ ಅಂಗೈ ಇಟ್ಟು ಒತ್ತಿದೆ. ನನ್ನ ಅಂಗೈಯ ಕೆಳಗೆ ಅವಳ ತುಟಿ ಅಲ್ಲಾಡುತ್ತಲೇ ಇತ್ತು.